ಕಾಕಾಗೂ ಹೇಳಪ್ಪಾ

ಮಹಾದೇವಿ ಫಿಜಿ ದೇಶಕ್ಕೆ ಹೊರಟು ನಿಂತಾಗ ಅವಳ ಅಪ್ಪ ಲಕ್ಷ್ಮಪ್ಪ ಹೆಚ್ಚೇನೂ ಕೇಳಲಿಲ್ಲ. "ನೀ ಇರೂ ಊರಿನ ಹೆಸರೇನವಾ?" ಅಂದ. ಬರೆಯುವಾಗ ನಾಡಿ, ಕರೆಯುವಾಗ ನಂದಿ ಎಂದು ಅವಳು ಹೇಳಿದಳು. ಅಪ್ಪನ ಮುಖ ಅರಳಿತು. "ಬಸವಣ್ಣನ ಊರ ಆತಲ್ಲ. ಹೋಗಿ ಬಾ," ಎಂದವನೇ ಕಂಬಳಿ ಹೆಗಲಿಗೇರಿಸಿ ಕುರಿಗಳ ಹಿಂದೆ ನಡೆದುಬಿಟ್ಟ.

ಪಟ್ಟದಕಲ್ಲಿನ ಪಕ್ಕದ ಹಳ್ಳಿಯ ಕುರಿಗಾರರ ಮನೆ ಅದು. ಬೀರಪ್ಪ ದೇವರ ಒಕ್ಕಲು. ಆ ಮನೆಯ ಹುಡುಗಿ ಹವಾಮಾನ ವಿಜ್ಞಾನಿಯಾದದ್ದು ಊರಿಗೆ ಸೋಜಿಗವಾಗಿತ್ತು, ಮನೆಯವರಿಗೆ ಅಷ್ಟಿಲ್ಲ. ಮುಗಿಲು ನೋಡಿ ಹೆಜ್ಜೆ ಇಡುವುದು ಅವರ ಮನೆತನದ ಉದ್ಯೋಗವೇ. ಧಾರವಾಡದಲ್ಲಿ ಓದಿ, ಪುಣೆಯಲ್ಲಿ ನೌಕರಿ ಹಿಡಿದು, ಈಗ ಎರಡು ವರ್ಷದ ಮಟ್ಟಿಗೆ ಅವಳು ಪೆಸಿಫಿಕ್ ದ್ವೀಪಗಳ ಹುಡುಗ ಹುಡುಗಿಯರಿಗೆ ತರಬೇತಿ ಕೊಡಲು ಹೊರಟಿದ್ದಳು.

ಅಲ್ಲಿಯ ದೇಶಗಳನ್ನು ನಕಾಶೆಯಲ್ಲಿ ಕಾಣಬೇಕಾದರೆ ಕಣ್ಣು ಕಿರಿದು ಮಾಡಬೇಕು. ಟೋಂಗಾ, ತುವಾಲು, ಕಿರಿಬಾಸ್, ವನುವಾಟು. ತುವಾಲುವಿನ ಮಂದಿಯನ್ನೆಲ್ಲ ಕೂಡಿಸಿ ತಂದರೂ ನಮ್ಮ ಬದಾಮಿ ಪಟ್ಟಣ ತುಂಬುವುದಿಲ್ಲ. ಆದರೆ ಚಂಡಮಾರುತ ಬಂದಾಗ ದೇಶ ಸಣ್ಣದೆಂದು ಅದು ಬಳಸಿ ಹೋಗುವುದಿಲ್ಲವಲ್ಲ. ಹವಾಮಾನ ಕಚೇರಿಯೆಂದರೆ ಕೆಲವು ಕಡೆ ನಾಲ್ಕೈದು ಜನ. ಒಬ್ಬನಿಗೆ ಜ್ವರ ಬಂದರೆ ಮುನ್ಸೂಚನೆಗೂ ಜ್ವರ. ಅದಕ್ಕೆಂದೇ ಅವರೆಲ್ಲ ಒಂದಾಗಿ ಕೆಲಸ ಮಾಡುವ ರೂಢಿ ಬೆಳೆಸಿಕೊಳ್ಳುತ್ತಿದ್ದರು. ಒಬ್ಬರ ರೇಡಾರು ಕಂಡದ್ದನ್ನು ನೆರೆಯವರೂ ನೋಡಬೇಕು. ಒಂದು ಕಚೇರಿಯ ಚಾವಣಿ ಹಾರಿಹೋದರೆ ಇನ್ನೊಂದು ದೇಶದವರು ಕುಳಿತು ಅವರ ಪರವಾಗಿ ಎಚ್ಚರಿಕೆ ಬರೆಯಬೇಕು. ಹೇಳಲು ಸುಲಭ. ಸಾವಿರ ಮೈಲಿ ನೀರಿನಾಚೆಯ ಮಂದಿಯನ್ನು ನೆರೆಯವರೆಂದು ತಿಳಿಯಲು ಮನಸ್ಸು ಹದವಾಗಬೇಕು.

ಮೊದಲ ಅಣಕು ಕಸರತ್ತಿನಲ್ಲೇ ಎಡವಟ್ಟಾಯಿತು. ಗಾಳಿ ಬರುತ್ತಿದೆಯೆಂಬ ಸುದ್ದಿಯನ್ನು ಒಂದು ದ್ವೀಪ ಮತ್ತೊಂದಕ್ಕೆ ದಾಟಿಸುತ್ತ ಹೋಗಬೇಕಿತ್ತು. ಮೂರನೆಯ ಕಡೆಗೆ ಹೋಗುವಷ್ಟರಲ್ಲಿ ಅದು ಸತ್ತೇ ಹೋಯಿತು. ಪ್ರತಿಯೊಬ್ಬರೂ ಬೇರೆ ಯಾರೋ ಹೇಳಿರುತ್ತಾರೆಂದು ಸುಮ್ಮನಿದ್ದರು. ಅಂದು ಮಹಾದೇವಿ ಒಂದು ಕಟ್ಟುಪಾಡು ಮಾಡಿದಳು. ಹೇಳಿದೆ ಅಂದಮಾತ್ರಕ್ಕೆ ಹೇಳಿದಂತಲ್ಲ. ಕೇಳಿದವರು ಅದನ್ನೇ ತಿರುಗಿ ಒಪ್ಪಿಸಿದಾಗ ಮಾತ್ರ ಹೇಳಿದಂತೆ. ಅಲ್ಲಿಯತನಕ ಫೋನು ಇಡುವಂತಿಲ್ಲ. ಟೋಂಗಾದಿಂದ ಬಂದಿದ್ದ ಮೆಲೆ ಎಂಬ ನಗುಮುಖದ ಹೆಣ್ಣುಮಗಳು ಇದನ್ನೇ ಹಿಡಿದು ಅವಳನ್ನು ಗೇಲಿ ಮಾಡುವಳು. ಚಹಾ ಬೇಕೆಂದರೂ, "ನಿಮಗೆ ಚಹಾ ಬೇಕು, ಸರಿಯೇ ಮೇಡಂ?" ಎಂದು ಗಂಭೀರವಾಗಿ ಒಪ್ಪಿಸುವಳು. ಮಹಾದೇವಿ ನಗುತ್ತಿದ್ದಳು. ಕಲಿಸಿದ್ದು ನಾಟಿದೆಯೆಂದು ಅವಳಿಗೆ ಒಳಗೊಳಗೇ ಹೆಮ್ಮೆ.

ಇತ್ತ ಅವಳ ಸ್ವಂತ ಮನೆಯಲ್ಲಿ ಅಣ್ಣ ತಮ್ಮಂದಿರ ನಡುವೆ ಮಾತು ನಿಂತು ಮೂರು ವರ್ಷವಾಗಿತ್ತು. ಲಕ್ಷ್ಮಪ್ಪನ ಬೆನ್ನಿಗೆ ಹುಟ್ಟಿದವನು ಬೀರಲಿಂಗ. ಮಹಾದೇವಿಗೆ ಕಾಕಾ. ಕಡುಬೇಸಿಗೆಯಲ್ಲಿ ಅವರ ತಾಯಿ ಸಾವಂತ್ರವ್ವ ತೀರಿಕೊಂಡಾಗ ಬೀರಲಿಂಗ ಕುರಿ ಹೊಡೆದುಕೊಂಡು ದೂರದ ರಾಯಚೂರು ಕಡೆ ಹೋಗಿದ್ದ. ಹೆಣ ಇಡುವಂತಿಲ್ಲ ಎಂದು ಹಿರಿಯರು ಅವಸರ ಮಾಡಿದರು. ಲಕ್ಷ್ಮಪ್ಪ ಮಣ್ಣು ಕೊಟ್ಟುಬಿಟ್ಟ. ಬೀರಲಿಂಗ ಬಂದವನು ಮನೆಯೊಳಗೆ ಕಾಲಿಡಲಿಲ್ಲ. "ಅವ್ವನ ಮಾರಿ ನೋಡಾಕ ಅರ್ಧ ದಿನ ತಡಿಯಾಕ ಆಗಲಿಲ್ಲೇನ ನಿನಗ?" ಎಂದು ಅಂಗಳದಲ್ಲೇ ಕೇಳಿ, ತನ್ನ ಪಾಲಿನ ಕುರಿಗಳನ್ನು ಬೇರೆ ಮಾಡಿಕೊಂಡು, ಹೆಂಡತಿ ಹುಚ್ಚವ್ವನ ಜೊತೆ ಹುನಗುಂದ ಸೀಮೆಗೆ ಹೊರಟುಹೋದ.

ಮಹಾದೇವಿ ಯಾರ ಪಕ್ಷವನ್ನೂ ವಹಿಸಲಿಲ್ಲ. ಆದರೆ ಅಪ್ಪನಿಗೆ ಫೋನು ಮಾಡುತ್ತಿದ್ದಳು, ಕಾಕಾನಿಗೆ ಮಾಡುತ್ತಿರಲಿಲ್ಲ. ಮಳೆಗಾಲದಲ್ಲಿ ಹಳ್ಳ ಬಂದಾಗ ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ಶಾಲೆಗೆ ದಾಟಿಸುತ್ತಿದ್ದವನು ಅವನೇ. "ಮಾದಿ, ಕೂದಲಾ ಬಿಗಿಯಾಗಿ ಹಿಡಕೋ ಲೇ," ಅನ್ನುತ್ತಿದ್ದ. ಮಾತಾಡಿಸಿದರೆ ಅಪ್ಪ ನೊಂದುಕೊಂಡಾನು ಎಂದು ಒಂದು ಹಬ್ಬ ಮುಂದೂಡಿದಳು, ಮತ್ತೊಂದು ಹಬ್ಬ ಮುಂದೂಡಿದಳು. ಆಮೇಲೆ ಇಷ್ಟು ದಿನ ಬಿಟ್ಟು ಯಾವ ಮುಖ ಹೊತ್ತು ಮಾತಾಡಲಿ ಎಂಬ ನಾಚಿಕೆಯೇ ಅಡ್ಡ ಬಂತು.

ಎರಡನೆಯ ವರ್ಷದ ಆಗಸ್ಟಿನಲ್ಲಿ ನಂದಿಯಲ್ಲಿ ದೊಡ್ಡ ಕಸರತ್ತು ನಡೆದಿತ್ತು. ದ್ವೀಪಗಳವರೆಲ್ಲ ತಮ್ಮ ತಮ್ಮ ಕಚೇರಿಗಳಲ್ಲಿ ಕುಳಿತು ಒಂದೇ ಚಂಡಮಾರುತವನ್ನು ಎದುರಿಸುವ ಆಟ. ಊಟದ ಬಿಡುವಿನಲ್ಲಿ ಮಹಾದೇವಿ ರೂಢಿಯಂತೆ ತನ್ನ ಊರಿನ ಕಡೆಯ ಉಪಗ್ರಹ ಚಿತ್ರ ತೆರೆದಳು. ಖಾನಾಪುರದ ಕಾಡಿನ ಮೇಲೆ ಎರಡು ದಿನದಿಂದ ಮೋಡ ಕದಲದೆ ಕುಳಿತಿತ್ತು. ಆ ನೀರೆಲ್ಲ ಮಲಪ್ರಭೆಗೇ ಬರಬೇಕು. ಅಣೆಕಟ್ಟೆಯಿಂದ ನೀರು ಬಿಡುತ್ತಾರೆಂದು ಊರೂರಿಗೆ ಡಂಗುರ ಸಾರಿದ ಸುದ್ದಿಯೂ ಫೋನಿನಲ್ಲಿತ್ತು. ಆದರೆ ಡಂಗುರ ಊರೊಳಗಿನವರಿಗೆ ಕೇಳಿಸುತ್ತದೆ. ಹೊಳೆದಂಡೆಯ ಹೊಲದಲ್ಲಿ ಕುರಿ ತರುಬಿಕೊಂಡು ಮಲಗಿದವರಿಗೆ ಹೇಳುವವರು ಯಾರು?

ಅವಳು ಅಪ್ಪನಿಗೆ ಫೋನು ಹಚ್ಚಿದಳು. ಅಲ್ಲಿ ಆಗಿನ್ನೂ ಬೆಳಗಿನ ಹೊತ್ತು.

"ಅಪ್ಪಾ, ಹೊಳಿ ಭಾಳ ಬರೂದೈತಿ. ಕುರಿ ಮ್ಯಾಲೆ ಏರಿಸು."

"ಆತವಾ. ಈಗ ಗುಡ್ಡದ ಕಡೆ ಹೊಡಿತೇನಿ."

"ಕಾಕಾ ಎಲ್ಲಿ ಅದಾನ?"

"ಐಹೊಳಿ ಕೆಳಗ ಯಾರದೋ ಹೊಲದಾಗ ಕುರಿ ತರುಬ್ಯಾನಂತ. ಮಂದಿ ಹೇಳತಿದ್ರು."

"ಕಾಕಾಗೂ ಹೇಳಪ್ಪಾ."

"ಹೂಂ. ನೋಡೂಣು."

ಆ ಹೂಂಕಾರದ ಅರ್ಥ ಅವಳಿಗೆ ಗೊತ್ತಿತ್ತು. ಹುಟ್ಟಿದಂದಿನಿಂದ ಕೇಳಿದ ದನಿ ಅದು. ಮನಸ್ಸಿಲ್ಲದ ಕೆಲಸಕ್ಕೆಲ್ಲ ಅಪ್ಪ ಹಾಗೆಯೇ ಅನ್ನುತ್ತಾನೆ. ಕಾಕಾನ ನಂಬರು ಅವಳ ಫೋನಿನಲ್ಲಿತ್ತು. ಅದನ್ನು ತೆರೆದು ನೋಡಿದಳು ಕೂಡ. ಅಷ್ಟರಲ್ಲಿ, ನೆರವಿಗೆಂದು ನಂದಿಯಲ್ಲೇ ಉಳಿದಿದ್ದ ಮೆಲೆ ಬಾಗಿಲಿಗೆ ಬಂದು, ತುವಾಲುವಿನವರು ಸಂಪರ್ಕಕ್ಕೆ ಬಂದಿದ್ದಾರೆ ಎಂದಳು. ಹೊಳೆಯ ವಿಷಯ, ಜೀವದ ವಿಷಯ, ಅಪ್ಪ ಹೇಳದೆ ಇರುತ್ತಾನೆಯೇ ಎಂದುಕೊಂಡು ಮಹಾದೇವಿ ಫೋನನ್ನು ಮೇಜಿನ ಮೇಲೆ ಬೋರಲು ಹಾಕಿ ಎದ್ದಳು.

ಅಂದಿನ ಕಸರತ್ತು ಚೆನ್ನಾಗಿ ಆಯಿತು. ಸುದ್ದಿ ದ್ವೀಪದಿಂದ ದ್ವೀಪಕ್ಕೆ ಒಂದಕ್ಷರ ತಪ್ಪದೆ ಹೋಗಿ ಮುಟ್ಟಿತು. ನಂದಿಯ ಕಚೇರಿಯವರೆಲ್ಲ ಕೂಡಿ ಚಿತ್ರ ತೆಗೆಸಿಕೊಂಡರು. ಮಹಾದೇವಿಯನ್ನು ನಡುವೆ ನಿಲ್ಲಿಸಿದ್ದರು.

ಮೂರನೆಯ ದಿನ ಲಕ್ಷ್ಮಪ್ಪನೇ ಫೋನು ಮಾಡಿದ. ಅವನು ತಾನಾಗಿ ಫೋನು ಮಾಡಿದ್ದು ಅದೇ ಮೊದಲು.

"ಮಾದೇವಿ, ಬೀರ್ಯಾನ ಕುರಿ ಎಲ್ಲಾ ಹೋದ್ವು."

"ಕಾಕಾ?"

"ಅದಾನ. ಹುಚ್ಚವ್ವನೂ ಅದಾಳ. ಜಾಲಿಗಿಡಾ ಏರಿ ಕುಂತಿದ್ರಂತ. ದೋಣಿ ತಂದು ಇಳಿಸ್ಯಾರ."

ಅವಳು ಕೇಳುವ ಮೊದಲು ಅವನೇ ಹೇಳಿದ. "ನೀ ಹೇಳಂದಿದ್ದು ನಾ ಹೇಳಲಿಲ್ಲವಾ. ಸಂಜಿಕ ಹೇಳಿದ್ರಾತು ಅಂದೆ. ಮತ್ತ, ಅವನ ಯಾಕ ಮೊದಲ ಫೋನ್ ಮಾಡಬಾರದು ಅಂದೆ. ಹಂಗ ಕುಂತುಬಿಟ್ಟೆ."

ನಡೆದದ್ದು ಆಮೇಲೆ ಹುಚ್ಚವ್ವನ ಬಾಯಿಂದ ಊರಿಗೆ ತಿಳಿಯಿತು. ಹಿಂದಿನ ಹಳ್ಳದಲ್ಲಿ ನೀರು ಒತ್ತಿ ಬಂದು ಹೊಲವನ್ನು ಸುತ್ತುಗಟ್ಟಿತ್ತು. ಹುಚ್ಚವ್ವ ಹಟ್ಟಿಯ ಬಲೆ ಕಿತ್ತೆಸೆದಳು. ಕುರಿಗಳು ಹೊರಗೆ ಬರಲಿಲ್ಲ. ಒಂದಕ್ಕೊಂದು ಮೈ ಒತ್ತಿಕೊಂಡು ನಿಂತುಬಿಟ್ಟವು. ಬೀರಲಿಂಗ ಮುಂದಾಳು ಟಗರನ್ನು ಕೊರಳು ಹಿಡಿದು ಎಳೆದ. ಅದು ಕೈಜಾರಿ ನೀರಿಗೆ ಬಿತ್ತು. ಕುರಿಗಳ ಸ್ವಭಾವ ಗೊತ್ತಲ್ಲ, ಅದು ಹೋದ ದಾರಿಯಲ್ಲೇ ಉಳಿದವೆಲ್ಲ ಹೋದವು.

ದೀಪಾವಳಿ ಕಳೆದ ಮೇಲೆ ಮಹಾದೇವಿ ಅವಧಿ ಮುಗಿಸಿ ಊರಿಗೆ ಬಂದಳು. ಬೀರಲಿಂಗ ಆ ಹೊಳೆದಂಡೆಯನ್ನೇ ಬಿಟ್ಟು ಇಳಕಲ್ಲಿಗೆ ಹೋಗಿ, ಕಲ್ಲು ಪಾಲಿಶ್ ಮಾಡುವ ಒಂದು ಕಾರ್ಖಾನೆಯ ಕಾವಲಿಗೆ ನಿಂತಿದ್ದಾನೆಂದು ತಿಳಿಯಿತು. ಲಕ್ಷ್ಮಪ್ಪ ಆಗಲೇ ನಿಶ್ಚಯ ಮಾಡಿಕೊಂಡಿದ್ದ. ಬೀರಪ್ಪನಿಗೆ ಭಂಡಾರ ಏರಿಸಿ, ತನ್ನ ಹಿಂಡಿನಲ್ಲಿ ಅರ್ಧವನ್ನು ಬೇರೆ ಮಾಡಿದ. ಒಳ್ಳೊಳ್ಳೆಯ ಕುರಿಗಳನ್ನೇ ಆರಿಸಿದ.

"ಲಾರಿ ಮಾಡೂಣಪ್ಪಾ."

"ಬ್ಯಾಡ. ಹೊಡಕೊಂಡ ಹೋಗಬೇಕು. ಕುರಿ ಕೊಡೂ ರೀತಿ ಅದು."

ಅಪ್ಪ ಮಗಳು ಐಹೊಳೆ, ಅಮೀನಗಡ, ಹುನಗುಂದದ ದಾರಿ ಹಿಡಿದು ನಡೆದರು. ಹೊಲಗಳಲ್ಲಿ ಬಿಳಿಜೋಳ ಮೊಳಕಾಲೆತ್ತರ ಬೆಳೆದಿತ್ತು. ನಾಲ್ಕು ಹೆಜ್ಜೆಗೊಮ್ಮೆ ಯಾವುದೋ ಕುರಿ ಪೈರಿಗೆ ಬಾಯಿ ಹಾಕಲು ಹೋಗುತ್ತಿತ್ತು. ಮಹಾದೇವಿ ಕೋಲು ಹಿಡಿದು ಓಡುತ್ತಿದ್ದಳು. ಐಹೊಳೆ ದಾಟುವಾಗ ಹೊಳೆಯ ಕಡೆ ಇಬ್ಬರೂ ನೋಡಲಿಲ್ಲ. ಅಮೀನಗಡದ ಹೊರಗೆ ಬೇವಿನ ಗಿಡದ ಕೆಳಗೆ ರೊಟ್ಟಿ ಬಿಚ್ಚಿದಾಗ ಲಕ್ಷ್ಮಪ್ಪ ಕೇಳಿದ.

"ಆ ನಡುಗಡ್ಡಿ ಮಂದಿಯೊಳಗ ಜಗಳ ಇರೂದಿಲ್ಲೇನವಾ?"

"ಇರತಾವಪ್ಪಾ. ಮೀನಿನ ಸಲುವಾಗಿ, ಗಡಿ ಸಲುವಾಗಿ. ವಿಮಾನ ಎಲ್ಲಿ ಇಳಿಬೇಕು ಅನ್ನೂದಕ್ಕೂ ಜಗಳ ಆಡ್ತಾರ."

"ಗಾಳಿ ಬಂದಾಗ?"

"ಗಾಳಿ ಬಂದ್ರ ಹೇಳ್ತಾರ. ಜಗಳ ಆಮ್ಯಾಲೆ ಮುಂದುವರಸ್ತಾರ."

ಅವನು ರೊಟ್ಟಿ ಮುರಿಯುತ್ತ ಕುಳಿತ. "ನೀನ ಕಲಿಸಿದಿ ಏನು ಅವರಿಗೆ?"

ಅವಳು ಕೈಯಲ್ಲಿದ್ದ ರೊಟ್ಟಿಯನ್ನು ತಿರುಗಿ ಬುತ್ತಿಯ ಮೇಲಿಟ್ಟಳು. ಅಪ್ಪ ನೀರಿನ ಬಾಟಲಿಯನ್ನು ಅವಳ ಕಡೆ ಸರಿಸಿದ.

ಇಳಕಲ್ಲಿನ ಅಂಚಿನಲ್ಲಿ, ಕೆಂಪು ಕಲ್ಲಿನ ಚೂರುಗಳ ರಾಶಿಯ ಪಕ್ಕದ ಒಂದೇ ಕೋಣೆಯಲ್ಲಿ ಬೀರಲಿಂಗನ ಸಂಸಾರ. ಹುಚ್ಚವ್ವ ಹೊಸ್ತಿಲಲ್ಲಿ ಕುಳಿತು ಸೀರೆ ನೇಯುವವರಿಗೆ ನೂಲು ಸುತ್ತುತ್ತಿದ್ದಳು. ಕುರಿಗಳ ಸಪ್ಪಳ ಕೇಳಿ ಅವಳ ಕೈ ನಿಂತಿತು. "ಬಾ ಮಾದಿ," ಎಂದು ಎದ್ದು ಬಂದು ಗಲ್ಲ ಸವರಿದಳು. ಆಮೇಲೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಒಳಗೆ ಹೋದಳು.

ಬೀರಲಿಂಗ ಖಾಕಿ ಅಂಗಿಯಲ್ಲಿ ಹೊರಗೆ ಬಂದ. ತಲೆಗೆ ರುಮಾಲಿರಲಿಲ್ಲ. ಅಣ್ಣನನ್ನು ನೋಡಿದ, ಕುರಿಗಳನ್ನು ನೋಡಿದ. "ಕುಂದ್ರಣ್ಣಾ," ಅಂದ. ಆಮೇಲೆ ಮಹಾದೇವಿಯ ಕಡೆ ತಿರುಗಿ, "ಬರ್ರಿ, ಇಲ್ಲಿ ಕುಂದರ್ರಿ," ಎಂದು ಪ್ಲಾಸ್ಟಿಕ್ ಕುರ್ಚಿಯನ್ನು ಒರೆಸಿ ಮುಂದೆ ಇಟ್ಟ.

ಅವಳು ಕುರ್ಚಿಯ ಮೇಲೆ ಕೂರಲಿಲ್ಲ. ಅಪ್ಪನ ಪಕ್ಕದಲ್ಲಿ ನೆಲಕ್ಕೆ ಕುಳಿತಳು. ಬೀರಲಿಂಗ ಬೆಲ್ಲ ನೀರು ತಂದುಕೊಟ್ಟ.

"ಇವು ನಿನ್ನವು, ಬೀರ್ಯಾ," ಎಂದ ಲಕ್ಷ್ಮಪ್ಪ. "ಬೀರಪ್ಪನ ಮುಂದ ಬ್ಯಾರೆ ಮಾಡೇನಿ. ಇಲ್ಲನಬ್ಯಾಡ."

ಬೀರಲಿಂಗ ತಡವರಿಸದೆ ಹೇಳಿದ. "ಒಲ್ಲೆ ಅಣ್ಣಾ. ಸಿಟ್ಟಲೆ ಅನ್ನಾಕತ್ತಿಲ್ಲ. ಕುರಿ ಒದರಿದ್ರ ಆ ನೀರಿನ ಸಪ್ಪಳಾನ ಕೇಳಸ್ತೈತಿ. ಇಲ್ಲಿ ಕಲ್ಲು ಕೊಯ್ಯೂ ಮಷಿನ್ ಸಪ್ಪಳದಾಗ ಬೇರೇನೂ ಕೇಳಸೂದಿಲ್ಲ. ಅದ ಬೇಸೈತಿ."

"ತಪ್ಪು ನಂದೈತಿ. ಅಕಿ ಹೇಳಂದಿದ್ಲು. ನಾ ಹೇಳಲಿಲ್ಲ."

"ನೀ ಫೋನ್ ಮಾಡಿದ್ರೂ ನಾ ಎತ್ತತಿದ್ದಿಲ್ಲ," ಎಂದ ಬೀರಲಿಂಗ. "ಖರೆ ಹೇಳ್ತೇನಿ. ನಿನ್ನ ಹೆಸರು ಕಂಡಿದ್ರ ಕಿಸೇದಾಗ ಇಟಗೊಂತಿದ್ದೆ." ಆಮೇಲೆ ತಲೆ ಎತ್ತದೆ, ನೆಲ ನೋಡುತ್ತಲೇ, ಮಹಾದೇವಿಗೆ ಅಂದ. "ನಿಮ್ದು ಬಂದಿದ್ರ ಎತ್ತತಿದ್ದೆ."

ಅವಳು "ಕಾಕಾ" ಅಂದಳು. ಅಷ್ಟರಲ್ಲಿ ಅವನು ಎದ್ದು ಕುರಿಗಳ ಕಡೆ ನಡೆದಿದ್ದ. ಒಂದು ಕುರಿ ಕುಂಟುತ್ತಿತ್ತು. ಅದನ್ನು ಮೊಳಕಾಲ ನಡುವೆ ಹಿಡಿದು, ಗೊರಸು ಎತ್ತಿ, ಮುಳ್ಳು ತೆಗೆದ. ಆ ಕೈಗಳು ಹಳೆಯ ಕಾಕಾನ ಕೈಗಳೇ. ಮುಳ್ಳು ಎಸೆದು, ಕುರಿಯ ಬೆನ್ನ ಮೇಲೆ ಒಂದು ಕ್ಷಣ ಅಂಗೈ ಇಟ್ಟ. ಆಮೇಲೆ ನಲ್ಲಿಯ ಹತ್ತಿರ ಹೋಗಿ ಸಾಬೂನು ಹಚ್ಚಿ ಬಹಳ ಹೊತ್ತು ಕೈ ತೊಳೆದುಕೊಂಡ.

ಊಟ ಮಾಡದೆ ಕಳಿಸಲು ಹುಚ್ಚವ್ವ ಬಿಡಲಿಲ್ಲ. ಉಂಡು ಎದ್ದಾಗ ಬೀರಲಿಂಗ ರಸ್ತೆಯ ತನಕ ಬಂದ. "ಇದನ್ನ ಭಾಳ ನಡಸಬ್ಯಾಡ ಅಣ್ಣಾ, ಗೊರಸು ಸೂಕ್ಷ್ಮ ಐತಿ," ಎಂದು ಲಕ್ಷ್ಮಪ್ಪನಿಗೆ ಹೇಳಿದ. ಮಹಾದೇವಿಗೆ ಕೈ ಮುಗಿದ. ಆಫೀಸಿಗೆ ಬಂದ ದೊಡ್ಡವರನ್ನು ಬೀಳ್ಕೊಡುವ ಹಾಗೆ ಮುಗಿದ.

ತಂದ ಕುರಿಗಳನ್ನೆಲ್ಲ ತಿರುಗಿ ಹೊಡೆದುಕೊಂಡು ಅವರು ಹುನಗುಂದದ ಕಡೆ ಹೊರಟರು. ಕುಂಟುವ ಕುರಿಗಾಗಿ ನಡಿಗೆ ನಿಧಾನವಾಗಿತ್ತು. ಬಹಳ ದೂರ ಬಂದ ಮೇಲೆ ಲಕ್ಷ್ಮಪ್ಪ ಬಾಯಿ ಬಿಟ್ಟ. ಅವನ ದನಿ ಹಗುರಾಗಿತ್ತು.

"ಕುರಿ ತಗೊಳ್ಳಲಿಲ್ಲ, ಇರಲಿ ಬಿಡು. ಆದ್ರ ನನಗ ನೀ ಅಂದ ನೋಡು. ಕುಂದ್ರಣ್ಣಾ ಅಂದ. ಮೊದಲಿನಂಗ." ಅವನು ರುಮಾಲಿನ ತುದಿಯಿಂದ ಕಣ್ಣು ಒರೆಸಿಕೊಂಡ. "ಕೇಳಿದಿ ಇಲ್ಲೋ?"

"ಕೇಳಿದೆ ಅಪ್ಪಾ," ಎಂದಳು ಮಹಾದೇವಿ. ಪೈರಿನ ಕಡೆ ಸರಿಯುತ್ತಿದ್ದ ಒಂದು ಮರಿಯನ್ನು ತಿರುಗಿಸಲು ಅವಳು ರಸ್ತೆ ಬಿಟ್ಟು ಹೊಲದ ಬದುವಿಗೆ ಇಳಿದಳು. ಮರಿ ಹಿಂಡಿಗೆ ಸೇರಿದ ಮೇಲೂ ಸ್ವಲ್ಪ ಹೊತ್ತು ಅಲ್ಲೇ ನಿಂತಳು. ಅಪ್ಪನಿಗೆ ಅವಳ ಮುಖ ಕಾಣಲಿಲ್ಲ.