ಇಲ್ಲಿ ಸೀಟಿ ಹೊಡೆಯಬಾರದು

ಉಗುಳಬಾರದು, ಹೊಗೆ ಬಿಡಬಾರದು ಎಂಬ ಫಲಕಗಳು ಎಲ್ಲ ಕಡೆ ಇರುವಂತೆ ನಮ್ಮ ಥಿಯೇಟರಿನಲ್ಲೂ ಇದ್ದವು. ಎಲ್ಲ ಕಡೆ ಮೀರುವಂತೆ ಇಲ್ಲೂ ಜನ ಅವನ್ನು ಮೀರುತ್ತಿದ್ದರು. ಆದರೆ ರಂಗದ ಪಕ್ಕದ ಗೋಡೆಯ ಮೇಲೆ ಕೆಂಪು ಅಕ್ಷರದಲ್ಲಿ ‘ಇಲ್ಲಿ ಸೀಟಿ ಹೊಡೆಯಬಾರದು’ ಎಂದು ಬರೆದಿತ್ತಲ್ಲ, ಅದನ್ನು ಮೀರುವ ಧೈರ್ಯ ಯಾರಿಗೂ ಇರಲಿಲ್ಲ. ಥಿಯೇಟರಿನ ಮಾತಿರಲಿ, ನಮ್ಮ ಮನೆಯಲ್ಲೇ ಸೀಟಿ ಹೊಡೆಯುವ ಹಕ್ಕಿದ್ದದ್ದು ಕುಕ್ಕರಿಗೆ ಮಾತ್ರ.

ಮೊದಲು ಥಿಯೇಟರಿನ ಕಥೆ ಹೇಳಿಬಿಡುತ್ತೇನೆ. ಒಬ್ಬ ಬಟ್ಟೆ ವ್ಯಾಪಾರಿ, ಬೇರೆಯವರ ನಾಟಕಶಾಲೆಯಲ್ಲಿ ತನ್ನ ಹೆಂಡತಿಯನ್ನು ಕಂಬದ ಹಿಂದೆ ಕೂರಿಸಿದರೆಂದು ಸಿಟ್ಟಾಗಿ, ಎಲ್ಲಿ ಕೂತರೂ ಕಂಬ ಅಡ್ಡ ಬಾರದ ಹಾಗೆ ಇದನ್ನು ಕಟ್ಟಿಸಿದನಂತೆ. ಕುದುರೆ ಲಾಳದಂತೆ ಬಾಗಿದ ಬಾಲ್ಕನಿ, ಗಾರೆಯ ಸಿಂಹಗಳು, ಮಖಮಲ್ಲಿನ ಕುರ್ಚಿಗಳು, ಛಾವಣಿಯ ತುಂಬ ಬಣ್ಣದ ಮೋಡಗಳು. ಆ ಮೋಡಗಳಲ್ಲಿ ಕೆಲವು ಮಳೆಗಾಲದಲ್ಲಿ ನಿಜವಾಗಿಯೂ ಸುರಿಯುತ್ತಿದ್ದವು. ಇಲ್ಲಿ ನಾಟಕ ಮೆರೆಯಿತು. ಯುದ್ಧದ ಕಾಲದಲ್ಲಿ ಮಖಮಲ್ಲಿನ ಕುರ್ಚಿ ಸರಿಸಿ ಗೋಧಿ ಮೂಟೆ ಪೇರಿಸಿದರು. ಆಮೇಲೆ ಮತ್ತೆ ನಾಟಕ, ಅದರ ಬೆನ್ನಿಗೆ ಸಿನಿಮಾ. ಜನ ಎಲ್ಲವನ್ನೂ ಅಂಗೈಯಲ್ಲೇ ನೋಡಲು ಶುರುಮಾಡಿದ ಮೇಲೆ ಬೀಗ ಬಿತ್ತು, ಪಾರಿವಾಳಗಳು ಬಾಲ್ಕನಿ ಹಿಡಿದವು.

ನಗರಸಭೆಯವರು ಅದನ್ನು ಕೆಡವಿ ಕಾರು ನಿಲ್ಲಿಸುವ ಜಾಗ ಮಾಡಲು ಹೊರಟಾಗ ನಾನು ಟೊಂಕ ಕಟ್ಟಿ ನಿಂತೆ. ಮ್ಯಾನೇಜರ್ ಅನ್ನುವ ಹೆಸರೊಂದು ಬಿಟ್ಟರೆ ನನ್ನ ಕೈಯಲ್ಲಿ ಏನೂ ಇರಲಿಲ್ಲ. ಅಲೆದು ಅಲೆದು ಚಪ್ಪಲಿ ಸವೆಸಿ, ಅವರಿವರ ಕೈಕಾಲು ಹಿಡಿದು, ಕೊನೆಗೆ ರಿಪೇರಿ ಮಾಡಿಸಿದ್ದಾಯಿತು. ಉಳಿದದ್ದು ಒಂದೇ ಒಂದು ತಪಾಸಣೆ. ಎಂಜಿನಿಯರ್ ಬಂದು ರಂಗದ ಮೇಲಿನ ಹಗ್ಗ, ರಾಟೆಗಳೆಲ್ಲ ಭದ್ರವಾಗಿವೆ ಎಂದು ಸಹಿ ಹಾಕಿದರೆ ಥಿಯೇಟರ್ ತೆರೆಯುತ್ತದೆ. ಹಾಕದಿದ್ದರೆ ಬುಲ್ಡೋಜರ್ ಬರುತ್ತದೆ.

ಆ ಹಗ್ಗಗಳ ಒಡೆಯ ನನ್ನ ಸೋದರಮಾವ. ಚಿತ್ರ ಬರೆದ ಪರದೆಗಳು, ಅಂದರೆ ಕಾಡು, ಅರಮನೆ, ಬೀದಿ, ಎಲ್ಲ ರಂಗದ ಮೇಲ್ಗಡೆ ಅಡಗಿರುತ್ತವೆ. ಅವನ್ನು ಇಳಿಸಿ ಏರಿಸುವವನು ಪಕ್ಕದ ಎತ್ತರದ ಅಟ್ಟದಲ್ಲಿ ನಿಂತಿರುತ್ತಾನೆ. ಜೀವನವಿಡೀ ಅಲ್ಲೇ ಕಳೆದದ್ದರಿಂದ ಮಾವನಿಗೆ ಗಿಡುಗ ಎಂದೇ ಹೆಸರು. ಆದರೆ ಈ ಗಿಡುಗಕ್ಕೆ ಕೆಳಗಿನ ರಂಗ ಕಾಣುತ್ತಿರಲಿಲ್ಲ. ಕೆಳಗಿನಿಂದ ಒಂದು ಸೀಟಿ ಬಂದರೆ ಇಳಿಸು, ಎರಡು ಬಂದರೆ ಎತ್ತು. ಬಾಯಿಮಾತನ್ನು ಹಗ್ಗದವರು ಕಿವಿಗೇ ಹಾಕಿಕೊಳ್ಳುವುದಿಲ್ಲ, ಯಾಕೆಂದರೆ ರಂಗದ ಮೇಲೆ ಯಾರಾದರೊಬ್ಬರು ‘ನಿಲ್ಲಿಸು’, ‘ಕಾಪಾಡಿ’ ಎಂದು ಕೂಗುತ್ತಲೇ ಇರುತ್ತಾರೆ.

ಅಮ್ಮ ಆಗ ಇದೇ ರಂಗದ ನಟಿ. ಮೊದಲ ಸಲ ರಾಣಿಯ ಪಾತ್ರ ಸಿಕ್ಕಿತ್ತು. ಅವಳು ಬಂದು ನಿಂತ ಚಂದಕ್ಕೆ ಬಾಲ್ಕನಿಯಲ್ಲಿದ್ದ ಒಬ್ಬ ಹುಡುಗ ಮೈಮರೆತು ಜೋರಾಗಿ ಸೀಟಿ ಹೊಡೆದ. ಮೇಲಿದ್ದ ಮಾವ ಒಡನೆಯೇ ಇಡೀ ಕಾಡನ್ನು ತಂಗಿಯ ತಲೆಯ ಮೇಲೆ ಇಳಿಸಿಬಿಟ್ಟ. ಪರದೆಯ ಕೆಳತುದಿಯ ಮರದ ದಿಂಡು ಹಣೆಗೆ ಬಡಿಯಿತು. ಹುಡುಗ ಕ್ಷಮೆ ಕೇಳಲು ಆಸ್ಪತ್ರೆಗೆ ಓಡಿಬಂದ, ಮರುದಿನವೂ ಬಂದ, ಅದರ ಮರುದಿನವೂ ಬಂದ, ಕೊನೆಗೆ ಡಾಕ್ಟರೇ ‘ನಿಮಗೇನು ಕಾಯಿಲೆ?’ ಎಂದು ಕೇಳುವಂತಾಯಿತು. ಅವನೇ ನನ್ನ ಅಪ್ಪ.

ಅಮ್ಮ ಅಪ್ಪನನ್ನು ಅವತ್ತೇ ಕ್ಷಮಿಸಿದಳು. ಮಾವ ಮಾತ್ರ ಅಪ್ಪ ತೀರಿಹೋದ ಮೇಲೂ ಅವನನ್ನು ‘ಆ ಸೀಟಿಯವನು’ ಎಂದೇ ಕರೆದ. ಪರದೆಗೆ ಸೂಚನೆ ಕೊಡುವವನ ಹೊರತು ಇನ್ಯಾರೂ ಸೀಟಿ ಹೊಡೆಯದಿರಲಿ ಎಂದು ಗೋಡೆಯ ಮೇಲೆ ಕೆಂಪು ಅಕ್ಷರ ಬರೆದವನೂ ಅವನೇ. ಅಲ್ಲಿಗೇ ನಿಲ್ಲಿಸದೆ, ಪ್ರತಿ ಹಗ್ಗಕ್ಕೂ ಒಂದು ದಪ್ಪ ಗಂಟು ಹಾಕಿದ. ಪರದೆ ಇಳಿಯುತ್ತ ಬಂದು ಆಳೆತ್ತರಕ್ಕಿಂತ ತುಸು ಮೇಲಿರುವಾಗ ಗಂಟು ರಾಟೆಗೆ ಸಿಕ್ಕಿ ನಿಲ್ಲುತ್ತದೆ. ಕೈಯಿಂದ ಗಂಟು ಬಿಚ್ಚದೆ ಅದು ನೆಲ ಮುಟ್ಟುವುದಿಲ್ಲ. ಹಗ್ಗ ಬದಲಿಸಿದಾಗಲೆಲ್ಲ ಮೊದಲು ಗಂಟು, ಆಮೇಲೆ ಮಿಕ್ಕ ಕೆಲಸ.

ಈಗ ಮಾವನಿಗೆ ಮರೆವು. ಒಮ್ಮೊಮ್ಮೆ ನನ್ನ ಹೆಸರೇ ತಪ್ಪಿಹೋಗುತ್ತದೆ. ತಪಾಸಣೆಯ ದಿನ ಬೆಳಿಗ್ಗೆ ಬೇಡಿಕೊಂಡೆ.

“ಮಾವ, ನಾನು ಮೇಲೆ ಬಂದು ಹೇಳೋ ತನಕ ಹಗ್ಗ ಮುಟ್ಟಬೇಡ. ಆಯ್ತಾ?”

“ನಾನೇನು ಚಿಕ್ಕ ಮಗೂನಾ? ಮುಟ್ಟಲ್ಲ ಹೋಗೆ,” ಎಂದ. ತಲೆಯೇನೋ ಒಪ್ಪಿತು. ಕೈಗಳನ್ನು ಯಾರೂ ಕೇಳಿರಲಿಲ್ಲ.

ಎಂಜಿನಿಯರ್ ಒಳ್ಳೆಯ ಮನುಷ್ಯ. ಬಾಲ್ಕನಿ ನೋಡಿ ತಲೆದೂಗಿದರು, ಸಿಂಹಗಳ ಮೂಗು ಸವರಿದರು. ರಂಗದ ನಡುವೆ ನಿಂತು ಟೇಪು ಬಿಚ್ಚಿ ಹಲಗೆ ಅಳೆಯತೊಡಗಿದರು. ಸುಣ್ಣ ಬಳಿಯುವವರು ಗೋಡೆಯ ಕೆಂಪು ಅಕ್ಷರದ ಮೇಲೂ ಬಳಿದು ಹೋಗಿದ್ದರು. ಎಂಜಿನಿಯರಿಗೆ ಅಳೆಯುವಾಗ ಖುಷಿಯಾದರೆ ಸೀಟಿ ಹೊಡೆಯುವ ಅಭ್ಯಾಸವಿದೆಯೆಂದು ನನಗೆ ಕನಸು ಬಿದ್ದಿತ್ತೇ?

ಉದ್ದಕ್ಕೆ ಒಂದು ಸೀಟಿ ಹೊಡೆದರು.

ಮೇಲೆ ರಾಟೆ ಕಿರ್ರೆಂದಿತು. ನಾನು “ಸರ್!” ಎಂದು ಕಿರುಚುವಷ್ಟರಲ್ಲಿ ಕಾಡು ಧಡಧಡನೆ ಇಳಿಯಿತು. ಎಂಜಿನಿಯರ್ ಟೇಪಿನ ಸಮೇತ ಕುಕ್ಕರಗಾಲಲ್ಲಿ ಕೂತು “ಕಾಪಾಡಿ!” ಎಂದರು. ಮಾವನ ಮಟ್ಟಿಗೆ ಅದೂ ನಾಟಕದ ಮಾತೇ. ಕಾಡು ಒಮ್ಮೆ ಜಗ್ಗಿ, ಅವರ ತಲೆಯ ಮೇಲ್ಗಡೆ ನಿಂತು ತೂಗಾಡಿತು. ನನಗೆ ಹೋದ ಜೀವ ಬಂದಂತಾಯಿತು, ಆದರೆ ಪೂರ್ತಿ ಬರಲಿಲ್ಲ.

ಅವರು ತೆವಳಿಕೊಂಡು ಈಚೆ ಬಂದು ಪೆನ್ನನ್ನು ಜೇಬಿಗೆ ಸಿಕ್ಕಿಸಿದರು. “ಸಾರಿ ಅಮ್ಮಾ. ತಾನಾಗೇ ಬೀಳೋ ಪರದೆಗೆ ನಾನು ಸಹಿ ಹಾಕೋಕಾಗಲ್ಲ.”

“ತಾನಾಗೇ ಬೀಳಲಿಲ್ಲ ಸರ್. ನೀವು ಸೀಟಿ ಹೊಡೆದ್ರಿ, ನಮ್ಮ ಮಾವ ಇಳಿಸಿದ. ತಲೆಗೆ ಬೀಳದ ಹಾಗೆ ಗಂಟೂ ಹಾಕಿದಾನೆ. ಸೀಟಿ ಹೊಡೀಬಾರದು ಅಂತ ಗೋಡೆ ಮೇಲೆ ಬರೆದೂ ಇದ್ದ, ಸುಣ್ಣದವರು ಅಳಿಸಿಬಿಟ್ರು.”

“ನಾನು ಸೀಟಿ ಹೊಡೆದಿದ್ದಕ್ಕಾ?” ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ಹಾಗಾದ್ರೆ ಈಗ ಎತ್ತಿಸಿ, ನೋಡೋಣ.”

“ಎರಡು ಸೀಟಿ ಹೊಡೀಬೇಕು ಸರ್. ನೀವೇ ಹೊಡೆದುಬಿಡಿ.”

ಪಾಪ, ಪ್ರಯತ್ನಪಟ್ಟರು. ಹೆದರಿ ಬಾಯಿ ಒಣಗಿತ್ತು. ಬರೀ ಗಾಳಿ ಬಂತು. ನಾನೂ ತುಟಿ ಮುಂದೆ ಮಾಡಿದೆ. ಹುಟ್ಟಿದಾರಭ್ಯ ಬೇಡವೆನಿಸಿಕೊಂಡ ವಿದ್ಯೆ ಕೇಳಿದ ತಕ್ಷಣ ಬಂದೀತೇ? ನನ್ನದೂ ಗಾಳಿಯೇ. ಓಡಿಹೋಗಿ ಅಟ್ಟ ಹತ್ತೋಣವೆಂದರೆ ಏಣಿ ಇದ್ದದ್ದು ತೂಗಾಡುವ ದಿಂಡಿನ ಆಚೆ, ಎಂಜಿನಿಯರ್ ನನ್ನ ತೋಳು ಹಿಡಿದು ಬಿಡಲಿಲ್ಲ. “ಮಾವಾ, ಎತ್ತು!” ಎಂದು ಕೂಗಿದೆ. ಮೇಲೆ ಸದ್ದಿಲ್ಲ. ಬುಲ್ಡೋಜರ್ ಬಾಗಿಲಿಗೆ ಬಂದೇಬಿಟ್ಟಿತು ಅನ್ನಿಸಿ ಕಣ್ಣಲ್ಲಿ ನೀರು ತುಂಬಿತು.

ಆಗ ಹಿಂದಿನಿಂದ ಎರಡು ಸೀಟಿ ಕೇಳಿಸಿತು. ಒಂದರ ಹಿಂದೊಂದು, ಬಾಲ್ಕನಿಯ ಪಾರಿವಾಳಗಳೆಲ್ಲ ಪಟಪಟನೆ ಎದ್ದುಹೋಗುವ ಹಾಗೆ.

ತಿರುಗಿ ನೋಡಿದೆ. ಟಿಕೆಟ್ ಕೌಂಟರಿನ ಧೂಳು ಒರೆಸುತ್ತಿದ್ದ ಅಮ್ಮ, ಗಲಾಟೆ ಕೇಳಿ ಬಂದು ಕುರ್ಚಿಗಳ ನಡುವೆ ನಿಂತಿದ್ದಳು. ಎರಡು ಬೆರಳು ಇನ್ನೂ ಬಾಯಲ್ಲಿದ್ದವು.

ಕಾಡು ಅಲುಗಾಡದೆ, ಸದ್ದಿಲ್ಲದೆ, ಮೇಲೇರಿತು. ಎಂಜಿನಿಯರ್ ಬಾಯಿ ಬಿಟ್ಟುಕೊಂಡು ನೋಡಿದರು. ಅಮ್ಮನ ಕೈಲಿ ಸೀಟಿ ಹೊಡೆಸಿ ಮತ್ತೊಮ್ಮೆ ಇಳಿಸಿದರು, ಮತ್ತೊಮ್ಮೆ ಎತ್ತಿಸಿದರು. ಪರದೆ ಪ್ರತಿಸಲವೂ ಅದೇ ಎತ್ತರದಲ್ಲಿ ನಿಂತಿತು. ಆಮೇಲೆ ಅವರೇ ಅಟ್ಟಕ್ಕೆ ಹೋಗಿ ಎಲ್ಲ ಗಂಟುಗಳನ್ನೂ ಎಳೆದು ನೋಡಿ ಬಂದು, ಪೆನ್ನು ತೆಗೆದರು.

“ಒಂದು ಷರತ್ತು,” ಎಂದರು. “ಗೋಡೆ ಮೇಲೆ ಆ ಬೋರ್ಡು ಮತ್ತೆ ಬರೆಸಿ. ನನ್ನಂಥವರಿಗೆ ಕಾಣೋ ಹಾಗೆ, ದೊಡ್ಡದಾಗಿ.”

ಅವರು ಸಹಿ ಹಾಕಿ ಹೋದ ಮೇಲೆ ನಾನು ರಂಗದ ಅಂಚಿನಲ್ಲಿ ಕೂತು ನಕ್ಕೆನೋ ಅತ್ತೆನೋ ಗೊತ್ತಿಲ್ಲ. ಎದೆಯ ಮೇಲಿನ ಬಂಡೆ ಇಳಿದಂತಿತ್ತು. ಮಾವ ಏಣಿ ಹಿಡಿದು ಮೆಲ್ಲಗೆ ಇಳಿದು ಬಂದ. ಅವನಿಗೆ ಸಹಿ, ಬುಲ್ಡೋಜರ್ ಯಾವುದೂ ಬೇಕಿರಲಿಲ್ಲ.

“ಯಾರು ಸೀಟಿ ಹೊಡೆದಿದ್ದು?” ಎಂದು ಗುಡುಗಿದ.

“ನಾನೇ ಅಣ್ಣ,” ಎಂದಳು ಅಮ್ಮ.

“ನೀನಾ? ನಿಂಗ್ಯಾರೇ ಕಲಿಸಿದ್ರು?”

ಅಮ್ಮ ಹಣೆಯ ಹಳೆಯ ಗಾಯದ ಗೆರೆಯನ್ನು ಸವರಿಕೊಂಡಳು. “ಇನ್ಯಾರು ಕಲಿಸ್ತಾರೆ? ನೀನು ಮನೇಲಿಲ್ಲದಾಗ, ಬಾಗಿಲು ಹಾಕ್ಕೊಂಡು. ಕುಕ್ಕರ್ ಕೂಗೋ ಹೊತ್ತಿಗೆ ಸರಿಯಾಗಿ.”

ಮಾವ ತಂಗಿಯನ್ನೇ ದಿಟ್ಟಿಸಿದ. ಬೈಯುತ್ತಾನೆಂದು ನಾನು ಕಾದೆ. ಅವನು ಮೇಲೆ ಅಟ್ಟದ ಕಡೆ ನೋಡಿದ, ಆಮೇಲೆ ಬಾಲ್ಕನಿಯ ಕಡೆ ನೋಡಿದ.

“ಸ್ಪಷ್ಟವಾಗಿ ಕೇಳಿಸ್ತು ಕಣೆ,” ಎಂದ. “ನಮ್ಮ ಭಾವ ಚೆನ್ನಾಗೇ ಕಲಿಸಿದಾರೆ.”