ಸಂಗುವಿನ ಎತ್ತರ

ನಾನು ಒಂದು ರೇಸ್ ಸೈಕಲ್ಲು. ಬೆಂಕಿಯಲ್ಲಿ ಹುಟ್ಟಿದವನು, ಸಿಟ್ಟು ನನಗೆ ಹುಟ್ಟುಗುಣ. ಉಕ್ಕಿನ ಕೊಳವೆಗಳನ್ನು ಕೆಂಪಗೆ ಕಾಯಿಸಿ ಬೆಸೆದ ದಿನದಿಂದ ನಾನು ಯಾರಿಗೂ ಸುಲಭಕ್ಕೆ ಬಗ್ಗಿದವನಲ್ಲ. ನನಗೆ ಕ್ಯಾರಿಯರ್ ಇಲ್ಲ, ಗಂಟೆಯಿಲ್ಲ, ಸ್ಟ್ಯಾಂಡೂ ಇಲ್ಲ. ಗೋಡೆಗೋ ಮನುಷ್ಯನಿಗೋ ಒರಗಿಯೇ ನಿಲ್ಲಬೇಕು. ದೇವರು ನನಗಿಟ್ಟ ಕೊರತೆ ಅದೊಂದೇ.

ನಾನು ಒರಗಿದ ಮೊದಲ ಮನುಷ್ಯ ಸಂಗನಬಸವ. ವಿಜಯಪುರದ ಹುಡುಗ, ಮನೆಯವರ ಬಾಯಲ್ಲಿ ಸಂಗು. ಕಾಲು ಉದ್ದ, ಮಾತು ಗಿಡ್ಡ. ಸೀಟನ್ನು ತನ್ನ ಕಾಲಿಗೆ ಹೊಂದಿಸಿಕೊಂಡು, ಅದನ್ನು ಹೊತ್ತ ಕಂಬಿಯ ಮೇಲೆ ಮೊಳೆಯಿಂದ ಒಂದು ಗೀರು ಎಳೆದ. ಬಿಚ್ಚಿ ತೊಳೆದಾಗಲೆಲ್ಲ ಮತ್ತೆ ಆ ಗೀರಿಗೇ ತಂದು ಬಿಗಿಯುತ್ತಿದ್ದ. ಆ ಎತ್ತರದಲ್ಲಿ ಅವನು ಕೂತರೆ ಎದುರುಗಾಳಿಯೂ ನಮಗೆ ದಾರಿ ಬಿಡುತ್ತಿತ್ತು. ಒಂದು ಬೇಸಿಗೆಯಲ್ಲಿ ಕಾಮಾಲೆ ಅವನನ್ನು ಒಯ್ದಿತು. ಕೊಟ್ಟ ದೇವರೇ ತಿರುಗಿ ಕೇಳಿದ ಎಂದು ಬಂದವರು ಹೇಳಿದರು. ನಾನು ಆ ದೇವರ ಮೇಲೂ ಸಿಟ್ಟಾದೆ.

ತಂದೆ ಗುರುಪಾದಪ್ಪ ನನ್ನನ್ನು ಪಡಸಾಲೆಗೆ ತಂದು ನಿಲ್ಲಿಸಿದರು. ಸೋಮವಾರ ಸೋಮವಾರ ಲಿಂಗಪೂಜೆ ಮುಗಿಸಿ ಬಂದು ಆ ಗೀರಿನ ಮೇಲೆ ವಿಭೂತಿ ಎಳೆಯುತ್ತಿದ್ದರು. ತಾಯಿ ಗಂಗವ್ವನಿಗೆ ಅದನ್ನು ಸಹಿಸಲಾಗಲಿಲ್ಲ.

"ಯಾರಿಗರೆ ಕೊಟ್ಟುಬಿಡ್ರಿ. ದಿನಾ ಇದರ ಮುಂದ ನಿಂತು ನೀವು ಒಣಗೂದು ನನಗ ನೋಡಾಕ ಆಗವಲ್ದು."

ಹೂಂ ಎಂದರು ಗುರುಪಾದಪ್ಪ. ಆದರೆ ಕೊಳ್ಳಲು ಬಂದವರನ್ನೆಲ್ಲ ಜಗಳ ತೆಗೆದು ಓಡಿಸಿದರು. ಒಬ್ಬನಿಗೆ ಹೊಟ್ಟೆ ದಪ್ಪ ಎಂದರು, ಇನ್ನೊಬ್ಬನಿಗೆ ನಡತೆ ತೆಳ್ಳಗೆ ಎಂದರು. ನಾನು ಗೋಡೆಗೊರಗಿ ಸಂತೋಷಪಟ್ಟೆ.

ಆಮೇಲೆ ದಾಕ್ಷಾಯಣಿ ಬಂದಳು. ಅಂಚೆ ಕಚೇರಿಯ ಕೆಲಸ, ನಲವತ್ತರ ವಯಸ್ಸು, ಕುಳ್ಳಗಿನ ಹೆಂಗಸು. ಚಿಕ್ಕಂದಿನಲ್ಲಿ ಅಣ್ಣಂದಿರ ರೇಸನ್ನು ರಸ್ತೆ ಬದಿ ನಿಂತು ನೋಡಿದವಳು. ಅವಳಿಗೆ ಮಾತ್ರ ಯಾರೂ ಸೈಕಲ್ಲು ಕೊಡಿಸಲಿಲ್ಲ. ಈಗ ಸ್ವಂತ ಗಳಿಕೆ. ಆದರೂ ಅಂಗಡಿಯಲ್ಲಿ ಹೊಸದರ ಬೆಲೆ ಕೇಳಿ ಬೆವತು ಹಿಂದಿರುಗಿದ್ದಳು. ಅವಳ ಕೈಗೆಟುಕುವವನು ನಾನೊಬ್ಬನೇ. ಬಂದವಳೇ ತುಕ್ಕಿದೆಯೇ ಎಂದು ಬಗ್ಗಿ ನೋಡಿ, ಕಂಬಿಯ ಮೇಲಿನ ಬಿಳುಪನ್ನು ಧೂಳೆಂದು ತಿಳಿದು ದುಪಟ್ಟಾದಿಂದ ಒರೆಸಿಬಿಟ್ಟಳು.

"ಕೈ ತಗಿ!" ಗುರುಪಾದಪ್ಪ ಗುಡುಗಿದರು. "ವಿಭೂತಿ ಅದು. ಸತ್ತ ಮಗನ ಎತ್ತರದ ಗುರುತು. ಕಣ್ಣ ಕಾಣಂಗಿಲ್ಲೇನ್ ನಿನಗ?"

"ತಪ್ಪಾತ್ರಿ ಕಾಕಾ. ಆದ್ರ ಮಾರೂ ವಸ್ತು ಮುಟ್ಟಿ ನೋಡಬಾರದೇನ್ರಿ?"

"ಇದು ನಿನಗಲ್ಲ. ನಿನಗ ಮೂರು ಗಾಲಿದು ಆದೀತು."

"ಮೂರು ಗಾಲಿದು ಏರೂ ವಯಸ್ಸು ನಿಮ್ಮದರಿ. ನನಗ ಎರಡು ಸಾಕು. ಸೀಟೊಂದು ಇಳಿಸಿ ಕೊಡ್ರಿ."

"ಸೀಟು ಇಳಿಸಂಗಿಲ್ಲ. ಇದ್ದಂಗ ಹತ್ತಿ ಓಣಿ ತುದಿ ಮುಟ್ಟಿ ಬಾ. ಬಂದ್ರ ಒಯ್ಯಿ."

ಅವಳು ಕಟ್ಟೆಯ ಮೇಲಿಂದ ಹತ್ತಿದಳು. ಪೆಡಲು ಕಾಲಿಗೆ ಎಟುಕಲಿಲ್ಲ. ನಾನೂ ಸುಮ್ಮನಿರಲಿಲ್ಲ, ಹ್ಯಾಂಡಲು ತಿರುಚಿ ನೆಲಕ್ಕೆ ಎಸೆದೆ. ಎದ್ದು ಮತ್ತೆ ಹತ್ತಿದಳು. ಮತ್ತೆ ಎಸೆದೆ. ಮೊಣಕೈಯಿಂದ ರಕ್ತ ಇಳಿಯಿತು. ಓಣಿಯವರು ನಕ್ಕರು. ನನ್ನನ್ನು ಬೈಯುತ್ತಲೇ ಎತ್ತಿ ನಿಲ್ಲಿಸಿದಳು.

"ಎತ್ತರ ನಿಮ್ಮ ಮಗಂದು, ಒಪ್ಪಿದೆ. ಕಾಲು ನಂದಲ್ಲೇನ್ರಿ ಕಾಕಾ?"

ಗುರುಪಾದಪ್ಪ ಮುಖ ತಿರುವಿದರು. ಆಗ ಗಂಗವ್ವ ಒಳಗಿಂದ ಬೋಲ್ಟು ಬಿಚ್ಚುವ ಪಾನಾ ತಂದು ಗಂಡನ ಕೈಯಲ್ಲಿಟ್ಟಳು. "ನಿಮ್ಮ ಹಟಕ್ಕ ಇನ್ನೊಬ್ಬರ ಮಗಳ ಎಲುಬು ಮುರೀಬೇಕೇನು? ಸಂಗು ಇದ್ದಿದ್ರ ಅವನೇ ಇಳಿಸಿ ಕೊಡ್ತಿದ್ದ."

ಅವರು ಪಾನಾ ಹಿಡಿದೇ ಒಳಗೆ ಹೋದರು. ಆಮೇಲೆ ವಿಭೂತಿ ತಂದು ಗೀರಿನ ಮೇಲೆ ಎಳೆದು, ತಾವೇ ಬೋಲ್ಟು ಸಡಿಲಿಸಿದರು. ಕಂಬಿ ಇಳಿಯಿತು. ವಿಭೂತಿಯ ಸಮೇತ ಗೀರು ನನ್ನ ಹೊಟ್ಟೆಯೊಳಗೆ ಹೋಯಿತು.

"ಎರಡೂ ಬ್ರೇಕು ಕೂಡೇ ಹಿಡಿ," ಎಂದು ಗದರಿದರು. "ಮುಂದಿಂದಷ್ಟ ಹಿಡದ್ರ ಮುಖ ಒಡಕೋತಿ. ಹೋಗು, ತಿರುಗಿ ನೋಡಬ್ಯಾಡ."

ನಾನು ದಾಕ್ಷಾಯಣಿಯನ್ನು ವರ್ಷಗಟ್ಟಲೆ ದ್ವೇಷಿಸಿದೆ. ಏರಿನಲ್ಲಿ ಚೈನು ಬೀಳಿಸಿದೆ, ಬಿಸಿಲಿನಲ್ಲಿ ಟ್ಯೂಬು ಒಡೆದುಕೊಂಡೆ. ಅವಳು ಬೈದಳು, ಎಣ್ಣೆ ಹಾಕಿದಳು, ಮರುದಿನ ಮತ್ತೆ ಹತ್ತಿದಳು. ನನ್ನ ಮಾನ ಕಳೆಯಲು ಒಂದು ಗಂಟೆಯನ್ನೂ ಸಿಕ್ಕಿಸಿದಳು. ಗುರುಪಾದಪ್ಪನವರ ಮನೆ ಮುಂದೆ ಹೋಗುವಾಗ ಅದನ್ನು ಬಾರಿಸುತ್ತಿದ್ದಳು. ಅವರು ಬಾಗಿಲಿಗೆ ಬಂದು, "ಬ್ರೇಕು ಸವದಾವ, ಕುರುಡಿ!" ಎಂದು ಬೈದು ಒಳಹೋಗುತ್ತಿದ್ದರು. ಒಂದು ದಿನ ಗಂಟೆ ಬಾರಿಸಿದರೂ ಯಾರೂ ಬೈಯಲಿಲ್ಲ. ಬಾಗಿಲಲ್ಲಿ ಗಂಗವ್ವ ಒಬ್ಬಳೇ, ಕುಂಕುಮವಿಲ್ಲದ ಹಣೆಯಲ್ಲಿ ನಿಂತಿದ್ದಳು. ಅಂದು ಮೊದಲ ಸಲ ದಾಕ್ಷಾಯಣಿ ನನಗೆ ಒರಗಿದಳು. ನಾನು ಅವಳನ್ನು ಬೀಳಿಸಲಿಲ್ಲ.

ಈಗ ಅವಳ ಮೊಣಕಾಲು ಸವೆದಿವೆ, ನನ್ನ ಟೈರು ಬಿರಿದಿವೆ. ಹಿತ್ತಲ ಗೋಡೆಗೆ ಒರಗಿ ಮಳೆಬಿಸಿಲು ಉಣ್ಣುತ್ತಿದ್ದೇನೆ. ಮೊನ್ನೆ ಗುಜರಿಯವನು ಬಂದು ಸೀಟಿನ ಕಂಬಿಯನ್ನು ಬೇರೆ ಮಾಡಲು ನೋಡಿದ. ತಿರುಚಿದ, ಬಡಿದ, ಕಾಲು ಕೊಟ್ಟು ಎಳೆದ.

"ತುಕ್ಕು ಹಿಡಕೊಂಡದ ಅಕ್ಕಾರ. ಇನ್ನ ಇದು ಬರಂಗಿಲ್ಲ."

"ಬಿಡಪಾ. ಅದು ಯಾರ ಮಾತೂ ಕೇಳಿದ್ದಲ್ಲ," ಎಂದಳು ದಾಕ್ಷಾಯಣಿ.

ತುಕ್ಕು ಎಂದು ಅವನು ತಿಳಿಯಲಿ. ಹೊಟ್ಟೆಯೊಳಗಿನ ಆ ಗೀರನ್ನು ಹಿಡಿದಿರುವವನು ನಾನು. ನನ್ನನ್ನು ಹೆತ್ತ ಬೆಂಕಿಯೇ ತಿರುಗಿ ಬಂದು ಕೇಳುವ ತನಕ ಬಿಡುವವನಲ್ಲ.