ಬೆರಳು ಉದ್ದ ಮಾಡುವ ಪುಡಿ

ಮೋಟೆಬೆನ್ನೂರಿನ ಉಚ್ಚಂಗೆವ್ವ ಬ್ಯಾಡಗಿ ಪೇಟೆಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸಿ, ಉದ್ದದ್ದು ಒಂದು ಕಡೆ, ಗಿಡ್ಡದ್ದು ಒಂದು ಕಡೆ ಹಾಕಿ ಹಾಕಿ ಪಳಗಿದವಳು. ಕಾಯಿ ಕಂಡ ಕೂಡಲೇ ದರ್ಜೆ ಹೇಳುತ್ತಾಳೆ. ಅಷ್ಟಕ್ಕೇ ನಿಂತಿದ್ದರೆ ಯಾರಿಗೂ ತೊಂದರೆ ಇರಲಿಲ್ಲ. ಮೊಬೈಲಿನಲ್ಲಿ ಒಂದು ವಿಡಿಯೊ ನೋಡಿದ್ದೇ ತಡ, ಮನುಷ್ಯರಿಗೂ ದರ್ಜೆ ಹಾಕತೊಡಗಿದಳು.

ಬಸುರಿಯ ಮೈಯಲ್ಲಿನ ಹಾರ್ಮೋನಿನಂತೆ ಮಗುವಿನ ಬೆರಳು ಬೆಳೆಯುತ್ತವಂತೆ. ತೋರುಬೆರಳಿಗಿಂತ ಉಂಗುರಬೆರಳು ಉದ್ದವಿದ್ದರೆ ಗಂಡುಗುಣವಂತೆ, ಭಾರೀ ಧೈರ್ಯವಂತೆ. ಬಸ್ಸಿನ ಕಂಡಕ್ಟರ್ ಟಿಕೆಟ್ ಕೊಡಲು ಕೈ ಚಾಚಿದರೆ ಈಕೆ ಟಿಕೆಟ್ ಬಿಟ್ಟು ಬೆರಳು ಹಿಡಿದಳು!

ಸೊಸೆ ಶಿಲ್ಪಾ ಆರು ತಿಂಗಳ ಬಸುರಿ. ಅವಳಿಗೆಂದೇ ಅತ್ತೆ ರಾಣೆಬೆನ್ನೂರಿಗೆ ಹೋಗಿ, ಯಾರೋ ಮಾರುತ್ತಿದ್ದ ಹೆಸರಿಲ್ಲದ ಪುಡಿ ತಂದಳು. ಅದನ್ನು ಹಾಲಿಗೆ ಕಲಸಿ ಲೋಟ ಹಿಡಿದು ನಿಂತಿದ್ದಾಗಲೇ ಆಶಾ ಕಾರ್ಯಕರ್ತೆ ನಸ್ರೀನ್ ಕಬ್ಬಿಣಾಂಶದ ಗುಳಿಗೆ ಕೊಡಲು ಬಂದಳು.

"ದೊಡ್ಡವ್ವ, ಅದೇನ್ರಿ ಹಾಲಿನ್ಯಾಗ?"

"ಹಾರ್ಮೋನು! ಕುಡುದ್ರ ಕೂಸಿನ ಉಂಗುರಬೆರಳು ಉದ್ದಾಗತೈತಿ. ಹುಲಿ ಹಂಗ ಇರತೈತಿ."

"ನಂಗ ಕುಡ್ಯಾಕ ಅಂಜಿಕಿ ಬರಾಕತ್ತೈತ್ರಿ ಅಕ್ಕಾರ," ಎಂದಳು ಶಿಲ್ಪಾ. ಕಣ್ಣಲ್ಲಿ ನೀರು ತುಂಬಿತ್ತು.

ನಸ್ರೀನ್ ಜಗಳಕ್ಕೆ ನಿಲ್ಲಲಿಲ್ಲ. "ಲೋಟ ಅಲ್ಲಿಡ್ರಿ ದೊಡ್ಡವ್ವ. ಬೆರಳು ನೋಡಿ ಮನಿಶ್ಯಾನ ಗುಣಾ ಹೇಳ್ತೀರಿ ಅಂದ್ರ ಮೊದಲ ನಿಮ್ಮ ಪರೀಕ್ಷಾ ಆಗ್ಲಿ."

ಬಾಗಿಲಿಗೆ ಗೋಣಿಚೀಲ ಕಟ್ಟಿ, ಅದರ ಹಿಂದೆ ಶಿಲ್ಪಾಳನ್ನೂ ಮಾವ ಗಿರಿಯಪ್ಪನನ್ನೂ ನಿಲ್ಲಿಸಿದಳು. ಚೀಲದ ಕೆಳಗಿಂದ ಬೆರಳುಗಳಷ್ಟೇ ಹೊರಗೆ ಬಂದವು. ಯಾವ ಕೈ ಯಾರದೆಂದು ಅತ್ತೆ ಹೇಳಬೇಕು.

ಉಚ್ಚಂಗೆವ್ವ ಮೊದಲ ಕೈ ಹಿಡಿದಳು. "ಉಂಗುರಬೆರಳು ಎಷ್ಟುದ್ದ ಐತಿ ನೋಡು! ಗಟ್ಟಿ ಗಂಡಸು. ಇದು ನಮ್ಮ ಮನಿಯವ್ರದು." ಎರಡನೆಯದನ್ನು ಸವರಿದಳು. "ಇದು ಹೆಣ್ಣಿನ ಕೈ. ಬೆಣ್ಣಿ ಹಂಗ ಐತಿ. ಶಿಲ್ಪಾಂದು."

ನಸ್ರೀನ್ ಚೀಲ ಸರಿಸಿದಳು. ಬೆಣ್ಣೆಯ ಕೈ ಗಿರಿಯಪ್ಪನದು!

"ಮದುವ್ಯಾದಾಗಿಂದ ಹರಟಿ ಕಟ್ಟಿ ಬಿಟ್ಟು ಎದ್ದಿಲ್ಲ, ಮೆತ್ತಗಾಗದ ಏನಾದೀತು!" ಎಂದು ಉಚ್ಚಂಗೆವ್ವ ಗಂಡನ ಮೇಲೆ ಸಿಡುಕಿದಳು. ಗಿರಿಯಪ್ಪ ಕೈಯನ್ನು ಮೆಲ್ಲಗೆ ಜೇಬಿಗೆ ಇಳಿಸಿದ. ಆಕೆಗೆ ಇನ್ನೂ ನಂಬಿಕೆಯಿಲ್ಲ. ಸೊಸೆಯ ಕೈಯನ್ನು ಮತ್ತೊಮ್ಮೆ ಹಿಡಿದು ನೋಡಿದಳು.

"ಹೊಟ್ಟ್ಯಾಗಿನ ಹಾರ್ಮೋನಿಗೂ ಬೆರಳಿಗೂ ಏನೋ ನಂಟು ಇರಬಹುದು ಅಂತ ಕೆಲವು ವಿಜ್ಞಾನಿಗಳು ಹೇಳ್ತಾರ," ಎಂದಳು ನಸ್ರೀನ್. "ಇನ್ನೂ ಪೂರಾ ಖಾತ್ರಿ ಆಗಿಲ್ಲ. ಬಾಳ ಮಂದಿ ಕೈ ಅಳದ್ರ ಗಂಡಸರಿಗೂ ಹೆಂಗಸರಿಗೂ ಒಂದೀಟು ಫರಕು ಕಾಣತೈತಿ, ಅಷ್ಟ. ಒಬ್ಬರ ಬೆರಳು ನೋಡಿ ಅವರ ಗುಣ ಹೇಳಾಕ ಆಗಂಗಿಲ್ಲ. ಅದೂ ಅಲ್ದ, ಕೂಸಿನ ಬೆರಳು ಮೊದಲ ಮೂರ್ನಾಕು ತಿಂಗಳದಾಗ ಮೂಡಿರತಾವು. ಗಂಡೋ ಹೆಣ್ಣೋ ಅನ್ನೂದು ಬಸುರಾದಾಗನ ನಿಕ್ಕಿ ಆಗಿರತೈತಿ. ಈಗ ಹಾರ್ಮೋನು ಕುಡಿಸಿದ್ರ ಬೆರಳು ಬೆಳ್ಯಂಗಿಲ್ಲ, ಕೂಸಿಗೆ ಧಕ್ಕಿ ಆದೀತು. ಆ ಪುಡಿಯಾಗ ಏನೈತಿ ಅಂತ ಮಾರಿದವಗರ ಗೊತ್ತೈತೇನು?"

ಶಿಲ್ಪಾ ಅತ್ತೆಯಿಂದ ಕೈ ಬಿಡಿಸಿಕೊಂಡು ಹೊಟ್ಟೆಗೆ ಅಡ್ಡ ಹಿಡಿದಳು. ಅದನ್ನು ಕಂಡು ಉಚ್ಚಂಗೆವ್ವನಿಗೆ ನಾಚಿಕೆಯಾಯಿತು.

"ಇಷ್ಟ್ಯಾಕ ಅಂಜೀದಿ ಯವ್ವಾ? ನಾನ ಅಂಜಿಸಿದ್ನೇನು?" ಎಂದವಳೇ ಲೋಟದ ಹಾಲನ್ನು ಬಚ್ಚಲಿಗೆ ಸುರಿದಳು. ಉಳಿದ ಪುಡಿಯನ್ನು ನಸ್ರೀನ್ ಕೈಗೆ ಕೊಟ್ಟು, ಗುಳಿಗೆ ಇಸಿದುಕೊಂಡಳು.

ಮೂರು ತಿಂಗಳಿಗೆ ಶಿಲ್ಪಾ ಗಟ್ಟಿಮುಟ್ಟಾದ ಹೆಣ್ಣು ಹೆತ್ತಳು. ಓಣಿಯವರು ಬೇಕಂತಲೇ ಕೇಳುತ್ತಾರೆ: "ಉಚ್ಚಂಗೆವ್ವಾ, ಮೊಮ್ಮಗಳ ಬೆರಳು ಹೆಂಗ ಅದಾವ?"

"ಯಾರಿಗ್ಗೊತ್ತು! ನನ್ನ ಬೆರಳು ಮುಷ್ಟಿಯಾಗ ಹಿಡದೈತಿ, ಬಿಡವಲ್ದು," ಎನ್ನುತ್ತಾಳೆ ಅಜ್ಜಿ.

ತಾಯಂದಿರೇ, ಅತ್ತೆಯಂದಿರೇ, ಕಟ್ಟೆ ಬಿಟ್ಟೇಳದ ಮಾವಂದಿರೇ! ವೈದ್ಯರು ಹೇಳದ ಪುಡಿ, ಗುಳಿಗೆ ಯಾವುದನ್ನೂ ಬಸುರಿಗೆ ಕೊಡಬೇಡಿ. ತಪ್ಪದೆ ತಪಾಸಣೆ ಮಾಡಿಸಿ, ಹೊಟ್ಟೆ ತುಂಬ ಉಣಿಸಿ, ಸಂಶಯ ಬಂದರೆ ನಿಮ್ಮೂರಿನ ಆಶಾ ಕಾರ್ಯಕರ್ತೆಯನ್ನು ಕೇಳಿ. ಉದ್ದ ಗಿಡ್ಡ ನೋಡುವುದು ಮೆಣಸಿನಕಾಯಿಗಷ್ಟೇ ಇರಲಿ.